‘ಮುಂದಿನ ವಿಂಡೋ’ ಎಂದರೆ ಯಾವುದು?

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ಬಳಸುವ ಅಂಧ ವಿದ್ಯಾರ್ಥಿಗಳಿಗಾಗಿ ವಿಂಡೋಸ್ ಪಾಠವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದು, ‘ಮುಂದಿನ’, ‘ಹಿಂದಿನ’ ಎಂಬ ಎರಡು ಸಾಮಾನ್ಯ ಪದಗಳು ಅದರಲ್ಲಿ ತೊಡಕಾಗಿವೆ. ವಿಂಡೋವನ್ನು ಕಿಟಕಿ ಎನ್ನಬೇಕೇ ಎಂಬ ಹಳೆಯ ವಾದವನ್ನು ನಾನು ಎತ್ತುತ್ತಿಲ್ಲ. ಕಲಿಯುವವರು ‘ವಿಂಡೋ’, ‘ಫೋಕಸ್’ ಎಂದೇ ಹೇಳುತ್ತಾರೆ, ಪಾಠದಲ್ಲಿಯೂ ಹಾಗೆಯೇ ಇರಲಿ.

ಒಬ್ಬರು ವರ್ಡ್‌ನಲ್ಲಿ ಪತ್ರ ಬರೆದು, ಕ್ರೋಮ್‌ನಲ್ಲಿ ಏನನ್ನೋ ನೋಡಿ, ಈಗ ಕ್ಯಾಲ್ಕುಲೇಟರ್‌ನಲ್ಲಿ ಇದ್ದಾರೆ ಎಂದುಕೊಳ್ಳೋಣ. ಅವರು ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಟ್ಯಾಬ್ ಅನ್ನು ಒಮ್ಮೆ ಒತ್ತಿದರೆ ಸ್ಕ್ರೀನ್ ರೀಡರ್ ಕ್ರೋಮ್‌ನ ಶೀರ್ಷಿಕೆಯನ್ನು ಹೇಳುತ್ತದೆ, ಮತ್ತೊಮ್ಮೆ ಒತ್ತಿದರೆ ಪತ್ರದ ಹೆಸರನ್ನು ಹೇಳುತ್ತದೆ; ಆದರೆ ಆಲ್ಟ್ ಅನ್ನು ಬಿಡುವವರೆಗೆ ಅವರು ಎಲ್ಲಿಗೂ ಹೋಗಿರುವುದಿಲ್ಲ. ಈ ಪಟ್ಟಿಯ ಕ್ರಮ ವಿಂಡೋಗಳನ್ನು ತೆರೆದ ಕ್ರಮವಲ್ಲ, ಇತ್ತೀಚೆಗೆ ಬಳಸಿದ್ದು ಮೊದಲು ಬರುವ ಕ್ರಮ. ಹೀಗಾಗಿ ‘ಆಲ್ಟ್ ಟ್ಯಾಬ್ ಒತ್ತಿದರೆ ಮುಂದಿನ ವಿಂಡೋಗೆ ಹೋಗುತ್ತೀರಿ’ ಎಂದು ಬರೆದರೆ, ಪಟ್ಟಿಯಲ್ಲಿ ಮುಂದಿನದು ಎಂಬುದೇನೋ ನಿಜ, ಆದರೆ ಕಾಲದ ಲೆಕ್ಕದಲ್ಲಿ ಅದು ಹಿಂದಿನದು. ಶಿಫ್ಟ್ ಸೇರಿಸಿ ಒತ್ತಿದಾಗ ಪಟ್ಟಿ ತಿರುಗುಮುರುಗಾಗಿ, ಬಳಸಿ ಬಹಳ ಹೊತ್ತಾದ ವಿಂಡೋ ಮೊದಲು ಸಿಗುತ್ತದೆ. ಅದನ್ನು ‘ಹಿಂದಿನ ವಿಂಡೋ’ ಎಂದರೆ ಗೊಂದಲ ಇಮ್ಮಡಿಯಾಗುತ್ತದೆ.

ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಕನ್ನಡದಲ್ಲಿ ‘ಮುಂದಿನ ವಾರ’ ಎಂದಾಗ ಬರಲಿರುವುದು, ‘ಮುಂದಿನ ಬಾಗಿಲು’ ಎಂದಾಗ ಎದುರಿಗಿರುವುದು. ಎಲ್ಲಕ್ಕಿಂತ ಮೇಲೆ ಕಾಣುತ್ತಿರುವ ವಿಂಡೋವನ್ನೂ ನಾವು ‘ಮುಂದಿನದು’ ಎನ್ನುತ್ತೇವಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಇನ್ಸರ್ಟ್ ಜೊತೆ ಟಿ ಒತ್ತಿದರೆ ಈಗ ಇರುವ ವಿಂಡೋದ ಶೀರ್ಷಿಕೆಯೂ, ಬಿ ಒತ್ತಿದರೆ ಅದರೊಳಗಿನ ವಿಷಯಗಳೂ ಕೇಳಿಸುತ್ತವೆ. ಇದನ್ನು ‘ಮುಂದಿನ ವಿಂಡೋವನ್ನು ಓದುತ್ತದೆ’ ಎಂದು ವಿವರಿಸಿದರೆ, ಇನ್ನೂ ಹೋಗದ ವಿಂಡೋವನ್ನು ಓದುತ್ತದೆಂದೇ ವಿದ್ಯಾರ್ಥಿ ತಿಳಿಯುವುದು ಸಹಜ. ಕಣ್ಣಿದ್ದವರಿಗೆ ಪರದೆಯನ್ನು ನೋಡಿದೊಡನೆ ಅರ್ಥ ತಿಳಿಯಾಗುತ್ತದೆ, ಕಿವಿಯನ್ನೇ ನಂಬಿದವರಿಗೆ ವಾಕ್ಯದ ಹೊರಗೆ ಬೇರೆ ಆಸರೆಯಿಲ್ಲ.

ಸದ್ಯ ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ‘ಮುಂದಿನ’ ಎಂಬುದನ್ನು ವಿಂಡೋಗೆ ಅಂಟಿಸದೆ, ‘ಪಟ್ಟಿಯಲ್ಲಿ ಮುಂದಿನ ಹೆಸರು ಕೇಳಿಸುತ್ತದೆ’ ಎಂದು ಹೆಸರಿಗೆ ಮಾತ್ರ ಬಳಸುತ್ತೇನೆ. ಕೀಲಿಗಳನ್ನು ಒತ್ತಿದರೆ ಪರಿಣಾಮವಾಗುವ ವಿಂಡೋವನ್ನು ‘ಈಗಿನ ವಿಂಡೋ’ ಎನ್ನುತ್ತೇನೆ. ‘ಸಕ್ರಿಯ ವಿಂಡೋ’ ಎಂಬ ರೂಢಿಯ ಅನುವಾದ ತಪ್ಪಲ್ಲವಾದರೂ, ಮಾತಿನಲ್ಲಿ ಯಾರ ಬಾಯಲ್ಲೂ ಅದನ್ನು ಕೇಳಿಲ್ಲ. ಪತ್ರಿಕೆಗಳು ಬಳಸುವ ‘ಮುನ್ನೆಲೆ’ ಎಂಬ ಪದ, ವಿಂಡೋ ಎದುರಿಗೆ ಬರುವ ಕ್ರಿಯೆಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಹತ್ತನೆಯ ತರಗತಿಯ ಮಕ್ಕಳಿಗೆ ತುಸು ಭಾರವೆನಿಸುತ್ತದೆ.

ಉಳಿದಿರುವುದು, ಆಲ್ಟ್ ಟ್ಯಾಬ್ ಅನ್ನು ಒಮ್ಮೆ ಒತ್ತಿ ಬಿಟ್ಟಾಗ ಮರಳಿ ಸಿಗುವ ವಿಂಡೋ. ‘ಈಗಷ್ಟೇ ಬಿಟ್ಟುಬಂದ ವಿಂಡೋ’ ಎಂಬುದು ಖಚಿತವಾಗಿದ್ದರೂ ಪುಟಕ್ಕೆ ಹತ್ತು ಸಲ ಹೇಳಲಾಗದಷ್ಟು ಉದ್ದವಾಗಿದೆ. ‘ಕಳೆದ ವಾರ’ದಂತೆ ‘ಕಳೆದ ವಿಂಡೋ’ ಎನ್ನೋಣವೆಂದರೆ, ಅದು ಕಳೆದೇಹೋಯಿತೆಂದು ಹುಡುಕಲು ಹೊರಡುವವರೂ ಇದ್ದಾರೆ! ಇದಕ್ಕೆ ಒಂದೇ ಪದದ ರೂಪವಿದ್ದರೆ ಬಲ್ಲವರು ತಿಳಿಸಬೇಕು. ಹಾಗೆಯೇ, ಸ್ಥಳಕ್ಕೆ ‘ಹಿಂಬದಿಯ’, ಕಾಲಕ್ಕೆ ‘ಹಿಂದಿನ’ ಎಂದು ಬೇರೆ ಮಾಡಿ ಆಡುವ ರೂಢಿ ತಮ್ಮ ಕಡೆ ದಿನದ ಮಾತಿನಲ್ಲಿ ಇದೆಯೇ ಎಂಬುದನ್ನೂ, ಇದ್ದರೆ ಅದು ಯಾವ ಪ್ರದೇಶದ್ದು ಎಂಬುದನ್ನೂ ದಯವಿಟ್ಟು ಬರೆಯಿರಿ.