ಅಮೆರಿಕದಲ್ಲಿ ಫಿಸಿಯೋ ಲೈಸೆನ್ಸ್: ಮೊದಲು ರಾಜ್ಯ ಯಾವುದು ಹೇಳಿ

ಗುಂಪಿನಲ್ಲಿ ಈ ತಿಂಗಳು ಬಂದ ಫಿಸಿಯೋಥೆರಪಿ ಪ್ರಶ್ನೆಗಳಿಗೆಲ್ಲ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಕೇಳಿದವರ ಹೆಸರು ತೆಗೆದು ಊರು ಮಾತ್ರ ಇಟ್ಟಿದ್ದೇನೆ, ಯಾಕೆಂದರೆ ಊರು ಗೊತ್ತಾಗದೆ ಉತ್ತರ ಕೊಡೋಕಾಗಲ್ಲ.

ಹ್ಯೂಸ್ಟನ್‌ನಿಂದ: ನಮಸ್ಕಾರ ಮೇಡಂ. ಊರಲ್ಲಿ ಫಿಸಿಯೋಥೆರಪಿ ಪದವಿ (ಬಿಪಿಟಿ) ಮುಗಿಸಿ ಒಂದು ಮೂಳೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೆ. ಮದುವೆಯಾಗಿ ಇಲ್ಲಿಗೆ ಬಂದೆ, ಈಗ ಕೆಲಸದ ಅನುಮತಿ, ಅಂದರೆ ಎಚ್‌4 ಇಎಡಿ, ಸಿಕ್ಕಿದೆ. ಇಲ್ಲಿನ ಫಿಸಿಯೋ ಪರೀಕ್ಷೆ ಎನ್‌ಪಿಟಿಇ ಪಾಸಾದರೆ ಅಮೆರಿಕದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂತ ಪರಿಚಯದವರು ಹೇಳಿದರು. ಪುಸ್ತಕ ತರಿಸಿ ಓದೋಕೆ ಶುರು ಮಾಡಲಾ?

ಉತ್ತರ: ಪುಸ್ತಕ ಆಮೇಲೆ ತರಿಸಿ. ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ಸರಿ. ಪರೀಕ್ಷೆ ಇಡೀ ದೇಶಕ್ಕೆ ಒಂದೇ, ಆದರೆ ಲೈಸೆನ್ಸ್ ಕೊಡೋದು ರಾಜ್ಯ. ಪ್ರತಿ ರಾಜ್ಯಕ್ಕೂ ಅದರದ್ದೇ ಕಾಯ್ದೆ, ಅದರದ್ದೇ ಮಂಡಳಿ. ನೀವಿರೋದು ಟೆಕ್ಸಸ್‌ನಲ್ಲಿ, ಹಾಗಾಗಿ ನಿಮ್ಮ ಅರ್ಜಿ ಹೋಗೋದು ಟೆಕ್ಸಸ್ ಬೋರ್ಡ್ ಆಫ್ ಫಿಸಿಕಲ್ ಥೆರಪಿ ಎಕ್ಸಾಮಿನರ್ಸ್‌ಗೆ. ಎನ್‌ಪಿಟಿಇ ನಡೆಸೋದು ಎಲ್ಲ ರಾಜ್ಯ ಮಂಡಳಿಗಳು ಸೇರಿ ಮಾಡಿಕೊಂಡ ಒಕ್ಕೂಟ, ಎಫ್‌ಎಸ್‌ಬಿಪಿಟಿ. ನೀವು ಆ ಪರೀಕ್ಷೆಗೆ ಕೂರಬಹುದೋ ಇಲ್ಲವೋ ಅಂತ ಸಾಮಾನ್ಯವಾಗಿ ರಾಜ್ಯವೇ ತೀರ್ಮಾನಿಸುತ್ತದೆ. ಕೆಲವು ರಾಜ್ಯಗಳು ಆ ಕೆಲಸವನ್ನೂ ಒಕ್ಕೂಟಕ್ಕೇ ಬಿಟ್ಟಿವೆ.

ಪರೀಕ್ಷೆಗಿಂತ ಹೆಚ್ಚು ಸಮಯ ತಿನ್ನೋದು ಕಾಗದಪತ್ರ. ನಿಮ್ಮ ಬಿಪಿಟಿ ಇಲ್ಲಿನ ಓದಿಗೆ ಸಮವೇ ಅಂತ ಒಂದು ಸಂಸ್ಥೆ ಅಳೆದು ವರದಿ ಕೊಡಬೇಕು. ಹೆಚ್ಚಿನವರು ಎಫ್‌ಸಿಸಿಪಿಟಿ ಕಡೆಗೆ ಹೋಗುತ್ತಾರೆ. ಅವರು ಅಂಕಪಟ್ಟಿಯಷ್ಟನ್ನೇ ನೋಡಲ್ಲ, ಸಿಲಬಸ್ ಕೂಡ ಬಿಚ್ಚಿ ನೋಡುತ್ತಾರೆ: ಯಾವ ವಿಷಯಕ್ಕೆ ಎಷ್ಟು ಗಂಟೆ, ಕ್ಲಿನಿಕಲ್ ಪೋಸ್ಟಿಂಗ್ ಎಲ್ಲೆಲ್ಲಿ, ಎಷ್ಟೆಷ್ಟು ಗಂಟೆ. ಗಾಯದ ಆರೈಕೆ, ಔಷಧಶಾಸ್ತ್ರ, ಇಮೇಜಿಂಗ್ ಇವೆಲ್ಲ ಎಲ್ಲಿ ಕಲಿಸಿದರು ಅಂತ ಹುಡುಕುತ್ತಾರೆ. ನೀವು ಅದನ್ನೆಲ್ಲ ಓದಿರುತ್ತೀರಿ, ಆದರೆ ಕಾಲೇಜು ಕೊಟ್ಟ ಸಿಲಬಸ್‌ನಲ್ಲಿ ಒಂದೇ ಸಾಲಿನಲ್ಲಿ ‘ಸರ್ಜರಿ’ ಅಂತ ಬರೆದು ಮುಗಿಸಿದ್ದರೆ ಆ ಓದು ಲೆಕ್ಕಕ್ಕೆ ಬರದೇ ಹೋಗಬಹುದು. ಊರಿಗೆ ಹೋದಾಗ ಕಾಲೇಜಿನಲ್ಲಿ ಕೂತು ಪೂರ್ತಿ ಸಿಲಬಸ್‌ಗೆ ಸಹಿ, ಸೀಲು ಹಾಕಿಸಿ, ಅಲ್ಲಿಂದಲೇ ಕಳಿಸಲು ಹೇಳಿ ಬನ್ನಿ. ದಾಖಲೆಗಳು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು, ನಿಮ್ಮ ಕೈಯಿಂದ ಹೋದರೆ ನಡೆಯಲ್ಲ. ಅಲ್ಲಿನ ಕ್ಲರ್ಕ್‌ನ ಫೋನ್ ನಂಬರ್ ಇಟ್ಟುಕೊಳ್ಳಿ. ನಗಬೇಡಿ, ತಿಂಗಳುಗಟ್ಟಲೆ ಉಳಿಯುತ್ತದೆ.

ಇದರ ಜೊತೆ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಒಟ್ಟು ಅಂಕ ಬಂದರೆ ಸಾಲದು, ಮಾತು, ಬರಹ, ಓದು, ಆಲಿಸುವಿಕೆ ಎಲ್ಲಕ್ಕೂ ಬೇರೆ ಬೇರೆ ಕನಿಷ್ಠ ಅಂಕ ಇದೆ. ಟೆಕ್ಸಸ್‌ಗೆ ರಾಜ್ಯದ ಕಾನೂನಿನ ಮೇಲೆ ಇನ್ನೊಂದು ಸಣ್ಣ ಪರೀಕ್ಷೆಯೂ ಇದೆ. ಇನ್ನು ಇಎಡಿ ಅಂದರೆ ದುಡಿಯಲು ಅನುಮತಿ ಅಷ್ಟೇ, ಅದಕ್ಕೂ ಲೈಸೆನ್ಸ್‌ಗೂ ಸಂಬಂಧ ಇಲ್ಲ.

ಅವರೇ ಮತ್ತೆ: ನಾನು 2008ರ ಬ್ಯಾಚ್. ಈಗಿನ ಹುಡುಗರಂತೆ ಡಿಪಿಟಿ (ಫಿಸಿಯೋಥೆರಪಿಯ ಡಾಕ್ಟರೇಟ್) ಮಾಡಬೇಕಾ?

ಉತ್ತರ: ಬೇಡ. ಇಲ್ಲಿನ ಕಾಲೇಜುಗಳಲ್ಲಿ 2016ರಿಂದ ಡಿಪಿಟಿ ಕಡ್ಡಾಯವಾಯಿತು ನಿಜ. ಆದರೆ ನಿಮ್ಮನ್ನು ಅಳೆಯೋದು ನೀವು ಪದವಿ ಪಡೆದ ವರ್ಷಕ್ಕೆ ಹೊಂದುವ ಮಾನದಂಡದಲ್ಲಿ. ಕೋರ್ಸ್‌ವರ್ಕ್ ಟೂಲ್ ಅಂತ ಕರೆಯುತ್ತಾರೆ, ಬೇರೆ ಬೇರೆ ಕಾಲದವರಿಗೆ ಬೇರೆ ಬೇರೆ ಆವೃತ್ತಿ ಇದೆ. ಹಳೆಯ ಬ್ಯಾಚ್ ಆಗಿರೋದು ಇಲ್ಲಿ ಅನುಕೂಲವೇ. ಆದರೆ ಯಾವ ಆವೃತ್ತಿಯ ವರದಿಯನ್ನು ಒಪ್ಪುತ್ತೇವೆ ಅನ್ನೋದರಲ್ಲಿ ಕೊನೆಯ ಮಾತು ರಾಜ್ಯದ್ದೇ, ಅದನ್ನು ಮಂಡಳಿಗೆ ಇಮೇಲ್ ಮಾಡಿ ಬರಹದಲ್ಲಿ ತರಿಸಿಕೊಳ್ಳಿ. ಕೊರತೆ ಬಂದರೆ ಸಾಮಾನ್ಯ ವಿಷಯಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ತುಂಬಿಕೊಳ್ಳಬಹುದು. ವೃತ್ತಿಯ ವಿಷಯಗಳ ಕೊರತೆ ತುಂಬೋದು ದುಬಾರಿ. ವರದಿ ಕೈಗೆ ಬರೋ ಮೊದಲೇ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸು. 12 ತಿಂಗಳಲ್ಲಿ ಮೂರು ಸಲ, ಜೀವನದಲ್ಲಿ ಒಟ್ಟು ಆರು ಸಲ ಮಾತ್ರ ಬರೆಯಬಹುದು. 400 ಅಥವಾ ಅದಕ್ಕಿಂತ ಕಡಿಮೆ ಎರಡು ಸಲ ಬಂದರೆ ಬಾಗಿಲು ಮುಚ್ಚಿದ ಹಾಗೆಯೇ. ‘ಒಂದು ಸಲ ಸುಮ್ಮನೆ ಬರೆದು ನೋಡೋಣ’ ಅನ್ನೋ ನಮ್ಮ ಪರೀಕ್ಷೆಯ ಅಭ್ಯಾಸ ಇಲ್ಲಿ ನಡೆಯಲ್ಲ.

ಡೆಟ್ರಾಯ್ಟ್‌ನಿಂದ: ಅಕ್ಕಾ, ನಾನೂ ಓದುತ್ತಿದ್ದೇನೆ. ಹೋದ ಸಲ ಬರೆದವರು ನೆನಪಿರೋ ಪ್ರಶ್ನೆಗಳನ್ನು ಇಲ್ಲೇ ಹಾಕಿದರೆ ಎಲ್ಲರಿಗೂ ಉಪಕಾರ ಆಗುತ್ತಲ್ವಾ?

ಉತ್ತರ: ಖಂಡಿತ ಬೇಡ ತಮ್ಮಾ. ಅಂಥ ಕಾಮೆಂಟ್ ಕಂಡರೆ ಅಡ್ಮಿನ್ ತಕ್ಷಣ ತೆಗೆಯಬೇಕು ಅಂತ ಕೇಳಿಕೊಳ್ಳುತ್ತೇನೆ. 2010ರ ಜುಲೈನಲ್ಲಿ ಏನಾಯಿತು ಅಂತ ಈಗಿನವರಿಗೆ ಗೊತ್ತಿಲ್ಲ. ಪ್ರಶ್ನೆಗಳು ಸೋರುತ್ತಿವೆ ಅಂತ ಹೇಳಿ ಎಫ್‌ಎಸ್‌ಬಿಪಿಟಿ ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್, ಈಜಿಪ್ಟ್ ಈ ನಾಲ್ಕು ದೇಶಗಳ ಕಾಲೇಜುಗಳಲ್ಲಿ ಓದಿದವರಿಗೆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿತು. ತಪ್ಪು ಮಾಡದವರೂ ಅದರಲ್ಲಿ ಸಿಕ್ಕಿಕೊಂಡರು. ಆಮೇಲೆ ಈ ದೇಶಗಳವರಿಗೆಂದೇ ಬೇರೆ ಪರೀಕ್ಷೆ ಬಂತು. ಮುಂದೆ ಎಲ್ಲರಿಗೂ ನಿಗದಿತ ದಿನಗಳಲ್ಲೇ ಪರೀಕ್ಷೆ ಅನ್ನೋ ಈಗಿನ ಪದ್ಧತಿ ಬಂತು. ದೇಶ ನೋಡಿ ಬಾಗಿಲು ಹಾಕಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ಸೋರಿಕೆ ನಡೆದದ್ದು ಸುಳ್ಳಲ್ಲ. ನೆನಪಿನಿಂದ ಬರೆದರೂ ಅದು ಪರೀಕ್ಷೆಯ ಒಪ್ಪಂದ ಮುರಿದ ಹಾಗೆ, ಅಂಕ ರದ್ದಾಗಬಹುದು.

ಸ್ಯಾನ್ ಹೋಸೆಯಿಂದ: ನಮ್ಮ ಅತ್ತೆಯವರಿಗೆ ಸೊಂಟ ನೋವು. ಡಾಕ್ಟರ ಚೀಟಿ ಇಲ್ಲದೆ ನೇರವಾಗಿ ಫಿಸಿಯೋ ಹತ್ತಿರ ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು. ಈಗ ಐವತ್ತೂ ರಾಜ್ಯಗಳಲ್ಲಿ ಯಾವುದಾದರೂ ರೂಪದಲ್ಲಿ ಇದಕ್ಕೆ ಅವಕಾಶ ಇದೆ, ಆದರೆ ‘ರೂಪ’ ಅನ್ನೋದರಲ್ಲೇ ಎಲ್ಲ ಇದೆ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ 45 ದಿನ ಅಥವಾ 12 ಭೇಟಿ, ಯಾವುದು ಮೊದಲೋ ಅಲ್ಲಿಯವರೆಗೆ ಚೀಟಿ ಬೇಡ. ಅದು ಮುಗಿದ ಮೇಲೂ ಚಿಕಿತ್ಸೆ ಮುಂದುವರಿಯಬೇಕಾದರೆ ವೈದ್ಯರು ರೋಗಿಯನ್ನು ಪರೀಕ್ಷಿಸಿ ಯೋಜನೆಗೆ ಸಹಿ ಹಾಕಬೇಕು. ಮೊದಲ ದಿನವೇ ಈ ವಿಷಯ ತಿಳಿಸುವ, ದೊಡ್ಡ ಅಕ್ಷರದ ಒಂದು ಹಾಳೆ ಕೊಟ್ಟು ಅತ್ತೆಯವರ ಸಹಿ ತಗೊಳ್ಳುತ್ತಾರೆ. ಗಾಬರಿ ಬೇಡ, ಅದು ಕಾನೂನು ಕೇಳೋ ಹಾಳೆ.

ನ್ಯೂಯಾರ್ಕ್‌ನಲ್ಲಿ ಇದೇ ಮಿತಿ 10 ಭೇಟಿ ಅಥವಾ 30 ದಿನ, ಫಿಸಿಯೋಗೆ ಮೂರು ವರ್ಷದ ಅನುಭವವೂ ಇರಬೇಕು. ಟೆಕ್ಸಸ್‌ಗೆ ಈ ಅವಕಾಶ ಬಂದಿದ್ದೇ 2019ರ ಸೆಪ್ಟೆಂಬರ್‌ನಲ್ಲಿ: ಆಗ ಇಟ್ಟ ಮಿತಿ 10 ಕೆಲಸದ ದಿನ, ಡಿಪಿಟಿಯ ಜೊತೆ ಹೆಚ್ಚಿನ ತರಬೇತಿಯೂ ಇದ್ದವರಿಗೆ 15. ನೆಬ್ರಾಸ್ಕಾದಲ್ಲಿ ಮಾತ್ರ 1957ರಿಂದಲೇ ಬಾಗಿಲು ತೆರೆದಿದೆ. ಸೊಂಟ ನೋವು ಎಲ್ಲ ರಾಜ್ಯದಲ್ಲೂ ಒಂದೇ ಥರ ಬರುತ್ತೆ, ಕಾನೂನು ಮಾತ್ರ ಗಡಿ ದಾಟಿದರೆ ಬೇರೆ. ಯಾಕೆ ಅಂತ ನನ್ನನ್ನು ಕೇಳಬೇಡಿ, ಪ್ರತಿ ರಾಜಧಾನಿಯಲ್ಲಿ ಯಾವ ವೈದ್ಯ ಸಂಘ ಎಷ್ಟು ಗಟ್ಟಿಯಾಗಿ ಕೂಗಿತು ಅನ್ನೋದರ ಲೆಕ್ಕ ಅದು.

ಇದೆಲ್ಲ ಕಾನೂನಿನ ಮಾತು. ದುಡ್ಡು ಕೊಡೋ ಇನ್ಶೂರೆನ್ಸ್‌ನ ಮಾತೇ ಬೇರೆ. ಚೀಟಿ ಇಲ್ಲದಿದ್ದರೆ ಹಣ ಕೊಡಲ್ಲ ಅನ್ನೋ ಪ್ಲಾನ್‌ಗಳೂ ಇವೆ. ಅತ್ತೆಯವರಿಗೆ ಮೆಡಿಕೇರ್ (ಹಿರಿಯರ ಸರ್ಕಾರಿ ಇನ್ಶೂರೆನ್ಸ್) ಇದ್ದರೆ, ಮೊದಲು ಡಾಕ್ಟರ ಹತ್ತಿರ ಹೋಗಲೇಬೇಕು ಅಂತಿಲ್ಲ, ಆದರೆ ಫಿಸಿಯೋ ಬರೆದ ಚಿಕಿತ್ಸಾ ಯೋಜನೆ ಡಾಕ್ಟರ ಮುಂದೆ ಹೋಗಲೇಬೇಕು. ಅವರ ಡಾಕ್ಟರ ಹೆಸರು, ಫ್ಯಾಕ್ಸ್ ನಂಬರ್ ಮೊದಲ ದಿನವೇ ರಿಸೆಪ್ಷನ್‌ನಲ್ಲಿ ಕೊಟ್ಟುಬಿಡಿ. ಮತ್ತೆ, ಸೊಂಟ ನೋವಿನ ಜೊತೆ ಮೂತ್ರ ಕಟ್ಟೋದು ಅಥವಾ ಹಿಡಿತ ತಪ್ಪೋದು, ತೊಡೆ ಸಂದಿಯಲ್ಲಿ ಜೋಮು, ಕಾಲಿನ ಬಲ ಕುಂದೋದು ಕಂಡರೆ ನನ್ನ ಹತ್ತಿರವೂ ಬೇಡ, ಯಾವ ಫಿಸಿಯೋ ಹತ್ತಿರವೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಷಾರ್ಲಟ್‌ನಿಂದ: ನನಗೆ ನಾರ್ತ್ ಕ್ಯಾರೊಲಿನಾ ಲೈಸೆನ್ಸ್ ಇದೆ. ಒಬ್ಬ ಪೇಶಂಟ್ ಫೋರ್ಟ್ ಮಿಲ್‌ಗೆ ಮನೆ ಬದಲಾಯಿಸಿದರು, ಇಪ್ಪತ್ತು ನಿಮಿಷದ ದಾರಿ. ಅವರಿಗೆ ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಹೇಳಿಕೊಡಬಹುದು ತಾನೇ? ನಾನಂತೂ ಷಾರ್ಲಟ್‌ನಲ್ಲೇ ಕೂತಿರುತ್ತೇನೆ.

ಉತ್ತರ: ನೀವು ಎಲ್ಲಿ ಕೂತಿದ್ದೀರಿ ಅನ್ನೋದು ಮುಖ್ಯ ಅಲ್ಲ, ರೋಗಿ ಎಲ್ಲಿದ್ದಾರೋ ಚಿಕಿತ್ಸೆ ನಡೆದದ್ದು ಅಲ್ಲೇ ಅಂತ ಲೆಕ್ಕ. ಫೋರ್ಟ್ ಮಿಲ್ ಅಂದರೆ ಸೌತ್ ಕ್ಯಾರೊಲಿನಾ. ಈಗ ನೀವು ಕ್ಯಾಮೆರಾ ಆನ್ ಮಾಡಿದರೆ ಲೈಸೆನ್ಸ್ ಇಲ್ಲದೆ ಪ್ರಾಕ್ಟೀಸ್ ಮಾಡಿದ ಹಾಗೆ.

ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಎರಡೂ ರಾಜ್ಯಗಳು ಪಿಟಿ ಕಾಂಪ್ಯಾಕ್ಟ್ ಒಪ್ಪಂದದಲ್ಲಿವೆ, ಅಂದರೆ ಒಂದು ರಾಜ್ಯದ ಫಿಸಿಯೋಗೆ ಇನ್ನೊಂದು ರಾಜ್ಯದಲ್ಲೂ ಕೆಲಸ ಮಾಡಲು ಬಿಡುವ ಒಪ್ಪಂದ. ಹತ್ತನೇ ರಾಜ್ಯ ಸೇರಿದ ಮೇಲೆ 2017ರಲ್ಲಿ ಒಪ್ಪಂದ ಜಾರಿಗೆ ಬಂತು, 2018ರಿಂದ ಅನುಮತಿ ಕೊಡಲು ಶುರು ಮಾಡಿದರು. ಇದರಲ್ಲಿ ಎರಡನೇ ಲೈಸೆನ್ಸ್ ಕೊಡಲ್ಲ, ‘ಪ್ರಿವಿಲೇಜ್’ ಅಂತ ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ನೀವು ವಾಸ ಇರುವ ರಾಜ್ಯ ಒಪ್ಪಂದದಲ್ಲಿರಬೇಕು, ಅಲ್ಲಿನ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಹಿಂದಿನ ಎರಡು ವರ್ಷದಲ್ಲಿ ಲೈಸೆನ್ಸ್ ಮೇಲೆ ಶಿಸ್ತುಕ್ರಮ ಆಗಿರಬಾರದು. ನೀವೇ ಒಪ್ಪಂದದ ಹೊರಗಿನ ರಾಜ್ಯಕ್ಕೆ ಮನೆ ಬದಲಾಯಿಸಿದರೆ ಎಲ್ಲ ಪ್ರಿವಿಲೇಜ್‌ಗಳೂ ಹೋಗುತ್ತವೆ. ಹೊಸ ರಾಜ್ಯದಲ್ಲಿ ಕೆಲಸ ಒಪ್ಪಿಕೊಳ್ಳೋ ಮೊದಲು ಒಪ್ಪಂದದ ನಕ್ಷೆ ನೋಡಿ, ಅದು ವರ್ಷ ವರ್ಷ ಬದಲಾಗುತ್ತಿರುತ್ತದೆ. ಇನ್ನು, ಪ್ರಿವಿಲೇಜ್ ಕೈಗೆ ಬಂದ ದಿನದಿಂದ ಆ ರೋಗಿಯ ಮಟ್ಟಿಗೆ ನಿಮಗೆ ಸೌತ್ ಕ್ಯಾರೊಲಿನಾದ ಕಾನೂನೇ ಅನ್ವಯ.

ಡಾಲಸ್‌ನಿಂದ: ಲೈಸೆನ್ಸ್ ಬರೋವರೆಗೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಜನ ಹಿರಿಯರಿಗೆ ‘ಫಿಸಿಯೋಥೆರಪಿಸ್ಟ್’ ಅಂತ ಹೇಳಿಕೊಂಡು ಸಣ್ಣದಾಗಿ ವ್ಯಾಯಾಮ ಮಾಡಿಸಬಹುದಾ?

ಉತ್ತರ: ಬೇಡ. ಆ ಬಿರುದಿಗೂ ಕಾನೂನಿನ ರಕ್ಷಣೆ ಇದೆ, ದುಡ್ಡು ತಗೊಳ್ಳದಿದ್ದರೂ ಸರಿ. ಈಗ ಬರುವ ದೂರು ಮುಂದೆ ನಿಮ್ಮದೇ ಅರ್ಜಿಗೆ ಅಡ್ಡ ಬರುತ್ತದೆ. ಕ್ಲಿನಿಕ್‌ನಲ್ಲಿ ಏಡ್ (ಸಹಾಯಕ) ಆಗಿ ಸೇರಿಕೊಳ್ಳಿ, ಲೈಸೆನ್ಸ್ ಬೇಕಿಲ್ಲ. ಬಿಸಿ ಪ್ಯಾಕ್ ಇಡೋದು, ಟೇಬಲ್ ಒರೆಸೋದು ಬೇಸರವೇ, ಆದರೆ ಇಲ್ಲಿ ನೋಟ್ಸ್ ಹೇಗೆ ಬರೆಯುತ್ತಾರೆ, ಇನ್ಶೂರೆನ್ಸ್ ಹೇಗೆ ಕಾಡುತ್ತದೆ ಅಂತ ಕಣ್ಣಾರೆ ನೋಡಬಹುದು.

ಫ್ರೀಮಾಂಟ್‌ನಿಂದ: ಭಾರತದಲ್ಲಿ ಡ್ರೈ ನೀಡ್ಲಿಂಗ್ (ನೋವಿಗೆ ಸ್ನಾಯುವಿಗೆ ಸೂಜಿ ಚುಚ್ಚುವ ಚಿಕಿತ್ಸೆ) ಸರ್ಟಿಫಿಕೇಟ್ ಮಾಡಿದ್ದೇನೆ. ಇಲ್ಲಿ ಉಪಯೋಗ ಆಗುತ್ತಾ?

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ಆಗಲ್ಲ. ಚಿಕಿತ್ಸೆಗಾಗಿ ಫಿಸಿಯೋ ಸೂಜಿ ಚುಚ್ಚುವ ಹಾಗಿಲ್ಲ. ತಮಾಷೆ ಏನೆಂದರೆ, ಪ್ರತ್ಯೇಕ ಪ್ರಮಾಣಪತ್ರ ಪಡೆದವರು ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಗಾಗಿ ಸ್ನಾಯುವಿಗೆ ಸೂಜಿ ಹಾಕಬಹುದು. ಪರೀಕ್ಷೆಗೆ ಆದರೆ ಸರಿ, ವಾಸಿ ಮಾಡೋಕೆ ಆದರೆ ತಪ್ಪು! ಬೇರೆ ಹಲವು ರಾಜ್ಯಗಳಲ್ಲಿ ಹೆಚ್ಚಿನ ತರಬೇತಿಯೊಂದಿಗೆ ಅನುಮತಿ ಇದೆ.

ಸ್ಯಾಕ್ರಮೆಂಟೊದಿಂದ: ನಮ್ಮ ಯಜಮಾನರ ಮಂಡಿ ಆಪರೇಷನ್ ಆದಮೇಲೆ ಒಂದು ಕ್ಲಿನಿಕ್‌ಗೆ ಹೋಗುತ್ತಿದ್ದಾರೆ. ಮೊದಲ ದಿನ ಬಿಟ್ಟರೆ ಫಿಸಿಯೋ ಮುಖವನ್ನೇ ನೋಡಿಲ್ಲ, ಒಬ್ಬ ಹುಡುಗ ಬಂದು ವ್ಯಾಯಾಮ ಮಾಡಿಸಿ ಹೋಗುತ್ತಾನೆ. ಬಿಲ್ ಮಾತ್ರ ಫಿಸಿಯೋ ಹೆಸರಲ್ಲಿ. ಯಾರಿಗೆ ಹೇಳೋದು?

ಉತ್ತರ: ಮೊದಲು ಆ ಹುಡುಗನ ಬ್ಯಾಡ್ಜ್ ನೋಡಿ. ಪಿಟಿಎ (ಫಿಸಿಯೋ ಅಸಿಸ್ಟೆಂಟ್) ಅಂತಿದ್ದರೆ ಅವನಿಗೂ ಲೈಸೆನ್ಸ್ ಇರುತ್ತದೆ, ಫಿಸಿಯೋ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡಬಹುದು. ಏಡ್ ಆಗಿದ್ದರೆ ಮಾತು ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಫಿಸಿಯೋ ಒಂದು ಸಮಯಕ್ಕೆ ಒಬ್ಬ ಏಡ್‌ನ ಸಹಾಯ ಮಾತ್ರ ಪಡೆಯಬಹುದು, ಅದೂ ತಾನು ಸ್ಥಳದಲ್ಲೇ ಇದ್ದು. ಮೆಡಿಕೇರ್ ಅಂತೂ ಏಡ್ ಮಾಡಿದ ಕೆಲಸಕ್ಕೆ ಚಿಕಿತ್ಸೆ ಅಂತ ಹಣ ಕೊಡಲ್ಲ.

ಯಾವ ದಿನ ಯಾರು, ಎಷ್ಟು ಹೊತ್ತು ಅಂತ ಬರೆದಿಡಿ. ಕ್ಲಿನಿಕ್‌ನಿಂದ ನಿಮ್ಮ ದಾಖಲೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ದೂರು ಕೊಡಬೇಕಾದದ್ದು ಫಿಸಿಕಲ್ ಥೆರಪಿ ಬೋರ್ಡ್ ಆಫ್ ಕ್ಯಾಲಿಫೋರ್ನಿಯಾಗೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಅಲ್ಲಿನ ಏಳು ಸದಸ್ಯರಲ್ಲಿ ಮೂವರು ಈ ವೃತ್ತಿಯವರಲ್ಲದ ಸಾಮಾನ್ಯ ಜನ, ಹಾಗಾಗಿ ‘ಅವರವರೇ ಒಂದಾಗಿರುತ್ತಾರೆ’ ಅಂತ ಮೊದಲೇ ಕೈಬಿಡಬೇಡಿ. ಆದರೆ ಮಂಡಳಿ ನಿಮ್ಮ ದುಡ್ಡು ವಾಪಸ್ ಕೊಡಿಸಲ್ಲ, ಅದು ನೋಡೋದು ಲೈಸೆನ್ಸ್ ವಿಷಯ. ಬಿಲ್ ವಿಷಯಕ್ಕೆ ಇನ್ಶೂರೆನ್ಸ್‌ಗೆ ಬೇರೆ ದೂರು ಬರೆಯಿರಿ.

ಅವರೇ ಮತ್ತೆ: ಮಂಡಳಿ ವೆಬ್‌ಸೈಟ್‌ನಲ್ಲಿ ಆ ಫಿಸಿಯೋ ಹೆಸರು ಹುಡುಕಿದೆ. ಪಕ್ಕದಲ್ಲಿ ‘ಪ್ರೊಬೇಷನ್’ ಅಂತಿದೆ. ಅಂದರೆ?

ಉತ್ತರ: ಹಿಂದೆ ಶಿಸ್ತುಕ್ರಮ ಆಗಿದೆ, ಷರತ್ತುಗಳ ಮೇಲೆ ಕೆಲಸ ಮಾಡಲು ಬಿಟ್ಟಿದ್ದಾರೆ ಅಂತ ಅರ್ಥ. ಅದೇ ಪುಟದಲ್ಲಿ ಆದೇಶದ ಪ್ರತಿ ಇದೆಯಾ ನೋಡಿ, ಇದ್ದರೆ ಡೌನ್‌ಲೋಡ್ ಮಾಡಿ ಓದಿ. ಕುಡಿದು ಗಾಡಿ ಓಡಿಸಿದ್ದಕ್ಕೂ ಪ್ರೊಬೇಷನ್ ಆಗಬಹುದು, ಸುಳ್ಳು ಬಿಲ್ ಮಾಡಿದ್ದಕ್ಕೂ ಆಗಬಹುದು. ಎರಡನೆಯದಾಗಿದ್ದರೆ ಆ ಆದೇಶದ ಕೇಸ್ ನಂಬರನ್ನು ನಿಮ್ಮ ದೂರಿನ ಮೊದಲ ಸಾಲಲ್ಲೇ ಬರೆಯಿರಿ, ಯಜಮಾನರನ್ನು ನಾಳೆಯಿಂದಲೇ ಬೇರೆ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ. ಆಪರೇಷನ್ ಮಾಡಿದ ಸರ್ಜನ್ ಆಫೀಸಿಗೆ ಫೋನ್ ಮಾಡಿದರೆ ಹೊಸ ಚೀಟಿ ಕೊಡುತ್ತಾರೆ. ಮಂಡಿ ಮಡಿಸೋ ವ್ಯಾಯಾಮ ಮಾತ್ರ ಮಧ್ಯದಲ್ಲಿ ನಿಲ್ಲಿಸಬೇಡಿ.