ಅಪ್‌ಡೇಟ್: ಪಾಪುನ ಬಿಟ್ಟು ಧಾರವಾಡದ ಮದುವೆಗೆ ಹೋಗಿಬಂದೆ

ಐದು ತಿಂಗಳ ಮಗಳನ್ನು ಬೆಂಗಳೂರಲ್ಲಿ ಬಿಟ್ಟು ಗೆಳತಿಯ ಮದುವೆಗೆ ಹೋಗಲಾ, ಹಾಲಿಗೆ ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಹೋಗಿಬಂದೆ. ಒಂದು ರಾತ್ರಿ ಮಾತ್ರ.

ಮುಂಚಿನಿಂದಲೇ ದಿನಾ ಸ್ವಲ್ಪ ಎದೆಹಾಲು ತೆಗೆದು, ತಾರೀಖು ಬರೆದು ಫ್ರೀಜರ್‌ನಲ್ಲಿಟ್ಟೆ. ಫ್ರಿಜ್‌ನಲ್ಲಾದರೆ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳವರೆಗೂ ಇಡಬಹುದು. ಕರಗಿಸಿದ್ದನ್ನು ಮಾತ್ರ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ. ಮಗಳು ಬಾಟಲಿ ಮುಟ್ಟಲಿಲ್ಲವಂತೆ. ಅತ್ತೆ ಬೆಳ್ಳಿ ಒಳಲೆ ತೆಗೆದರು, ಗಟಗಟ ಕುಡಿದಳಂತೆ!

ಪೇಚಾಟ ಎಲ್ಲ ನನ್ನದೇ. ಸರಿಯಾಗಿ ಮುಹೂರ್ತದ ಹೊತ್ತಿಗೆ ಹಾಲು ಕಟ್ಟಿ ಎದೆ ಕಲ್ಲಿನಂತಾಯಿತು. ಅಕ್ಷತೆ ಹಾಕಿದವಳೇ ವಧುವಿನ ಕೋಣೆಗೆ ಓಡಿದೆ. ಬಾಗಿಲಿಗೆ ಚಿಲಕ ಇಲ್ಲ. ಗೆಳತಿಯ ಚಿಕ್ಕಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, 'ನೀ ಆರಾಮ ಕೂಡವಾ' ಅಂದರು. ಹೊರಗೆ ವಾಲಗ, ಒಳಗೆ ಪಂಪಿನ ಸದ್ದು. ಐಸ್ ಪ್ಯಾಕ್ ಅಷ್ಟೊತ್ತಿಗೆ ನೀರಾಗಿತ್ತು. ಆ ಹಾಲನ್ನು ಬೇಸಿನ್‌ಗೆ ಚೆಲ್ಲುವಾಗ ಹೊಟ್ಟೆ ಚುರ್ ಅಂದಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಊಟಕ್ಕೆ ಕೂತು ಎರಡು ಹೋಳಿಗೆ ಜಾಸ್ತಿಯೇ ತಿಂದೆ.

ಹೀಗೆ ಹೊರಡುವವರಿದ್ದರೆ, ಬೆನ್ನ ಹಿಂದೆ ಹುಕ್ ಇರುವ ಬ್ಲೌಸ್ ಮಾತ್ರ ಹಾಕಬೇಡಿ.