ಮರು: ಹೋಟೆಲ್ ಫ್ರಾಂಚೈಸಿ ವರ್ಗಾವಣೆಯ 'ರಿಲೀಸ್'ಗೆ ಕನ್ನಡ ಪದ (ನಾಳೆ ಬೆಳಗ್ಗೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಕಂಪನಿಯೊಂದರ ಬ್ರ್ಯಾಂಡ್ ಹೆಸರಲ್ಲಿ ನಡೆಯುವ ಹೋಟೆಲ್ (ಫ್ರಾಂಚೈಸಿ) ಹೊಸಬರಿಗೆ ಹೋಗುವಾಗ, ಮಾರುವವರಿಂದ ಆ ಕಂಪನಿ ಬರೆಸಿಕೊಳ್ಳುವ 'ರಿಲೀಸ್' ಪತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಇಲ್ಲಿ ಕೇಳಿದ್ದೆ.

'ಬಿಡುಗಡೆ ಪತ್ರ ಅನ್ನಿ, ಮುಗೀತು' ಎಂದು ಒಂದೇ ಸಾಲಲ್ಲಿ ಬರೆದವರಿಗೆ ಮೊದಲ ಉತ್ತರ: ಮುಗಿಯಲಿಲ್ಲ. ನನ್ನ ಮೊದಲ ಕರಡಿನಲ್ಲೂ ಅದೇ ಇತ್ತು. ನಿನ್ನೆ ಸಂಜೆ ಜಯನಗರದಲ್ಲಿ, ಹೋಟೆಲ್ ಮಾರುತ್ತಿರುವ ಯಜಮಾನರಿಗೆ ಓದಿ ಹೇಳಿದೆ. ಕನ್ನಡಕ ಹಣೆಗೇರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, 'ಅಂತೂ ಕಂಪನಿಯೋರು ನನ್ನ ಬಿಟ್ರಲ್ಲ' ಅಂದರು. ಪೂರ್ತಿ ತಿರುಗುಮುರುಗು! ಕಂಪನಿ ಅವರನ್ನು ಬಿಡುತ್ತಿಲ್ಲ. ಕಂಪನಿಯ ಮೇಲೆ ತಮಗಿರಬಹುದಾದ ದಾವೆಗಳನ್ನೆಲ್ಲ ಅವರೇ ಬಿಟ್ಟುಕೊಡುತ್ತಿದ್ದಾರೆ. ಹಾಗೆ ಬರೆದುಕೊಟ್ಟರಷ್ಟೇ ಹೊಸಬರ ಹೆಸರಿಗೆ ವರ್ಗಾಯಿಸಲು ಕಂಪನಿಯ ಒಪ್ಪಿಗೆ. ಯಜಮಾನರು ಹಾಕಿಕೊಟ್ಟಿರುವ ಸ್ವಂತ ಜಾಮೀನು ಹಾಗೇ ಉಳಿಯುತ್ತದೆ. ಅದನ್ನು ಬಿಡಿಸಿಕೊಳ್ಳಲು ಬೇರೆಯದೇ ಪತ್ರ ಬೇಕು.

'ಬಿಡುಗಡೆ' ಎಂಬ ಭಾವನಾಮದಲ್ಲಿ ಕರ್ತೃವೂ ಕಾಣುವುದಿಲ್ಲ, ಕರ್ಮವೂ ಕಾಣುವುದಿಲ್ಲ. ತೊಡಕು ಇರುವುದು ಇಲ್ಲೇ. ಕೈದಿಯ ಬಿಡುಗಡೆಯಲ್ಲಿ ಕೈದಿ ಗೆದ್ದ. ಹಕ್ಕಿನ ಬಿಡುಗಡೆಯಲ್ಲಿ ಹಕ್ಕು ಹೋಯಿತು. 'ಹಕ್ಕು ಬಿಡುಗಡೆ ಪತ್ರ' ನೋಂದಣಿ ಕಚೇರಿಯ ರೂಢಿ ಪದ, ಒಪ್ಪುತ್ತೇನೆ. ಆದರೆ ಬೆಂಗಳೂರಲ್ಲಿ ಅದು ಕಿವಿಗೆ ಬಿದ್ದರೆ ಅಕ್ಕತಂಗಿಯರು ಅಣ್ಣನಿಗೆ ಸೈಟಿನ ಪಾಲು ಬಿಟ್ಟುಕೊಡುವುದೇ ನೆನಪಾಗುತ್ತದೆ.

ಇನ್ನು ನಿಮ್ಮಲ್ಲೊಬ್ಬರು ಸೂಚಿಸಿದ 'ಹಕ್ಕುತೊರೆಯೋಲೆ', ಅಂದರೆ ಹಕ್ಕು ತೊರೆಯುವ ಓಲೆ. ಅರಬ್ಬಿ, ಪಾರಸಿ ಬೇಡವೆಂದು ಇದನ್ನು ಕಟ್ಟಿಕೊಟ್ಟವರು ಮೊದಲಕ್ಷರದಲ್ಲೇ ಅರಬ್ಬಿ ಇಟ್ಟಿದ್ದಾರೆ. ಹಕ್ಕು ಅರಬ್ಬಿಯ 'ಹಕ್'. ದಾವೆ, ಕರಾರು, ತಕರಾರು, ಜಾಮೀನು, ವಕೀಲ ಎಲ್ಲವೂ ಅತ್ತಲಿಂದಲೇ ಬಂದವು. ಇವನ್ನು ಹೊರಗಟ್ಟಿದರೆ ನಮ್ಮ ಕೋರ್ಟಿನ ಕನ್ನಡಕ್ಕೆ ಬಾಯೇ ಇರುವುದಿಲ್ಲ. ಈ ಅರ್ಥಕ್ಕೆ ಹೇಳಿ ಮಾಡಿಸಿದಂಥ ಪದವೂ ಅಲ್ಲೇ ಇತ್ತು: ಪಾರಿಖತ್ತು. ಫಾರಿಗ್ ಅಂದರೆ ಬಾಕಿ ಮುಗಿಸಿಕೊಂಡು ಬಿಡುವಾದವನು, ಖತ್ ಅಂದರೆ ಬರಹ. ಮರಾಠಿಯ ಫಾರಖತಿಗೆ ಬಿಡುಗಡೆ ಪತ್ರ ಎಂದೇ ಅರ್ಥ. ನಮ್ಮ ಕಡೆ ಅದು ಪಾಲುಪಟ್ಟಿಯ ಅರ್ಥಕ್ಕೆ ಸರಿದುಬಿಟ್ಟಿದೆ. ಇಲ್ಲದಿದ್ದರೆ ಕಣ್ಣುಮುಚ್ಚಿ ಅದನ್ನೇ ಬರೆಯುತ್ತಿದ್ದೆ.

'ರಿಲೀಸ್ ಅಂತಲೇ ಇಡಿ' ಎಂದವರಿಗೆ: ಗಾಂಧಿನಗರದಲ್ಲಿ ಸಿನಿಮಾಕ್ಕೆ ಸರಿ, ಇಲ್ಲಿ ಸಲ್ಲದು.

'ಪದಕ್ಕೆ ಇಷ್ಟು ರಗಳೆ ಯಾಕೆ' ಎಂಬ ಪ್ರಶ್ನೆ ಮಾತ್ರ ನನಗೆ ನೋವು ತಂದಿತು. ಬ್ರ್ಯಾಂಡ್ ಅಮೆರಿಕದ್ದು, ಕರಾರಿಗೆ ಕ್ಯಾಲಿಫೋರ್ನಿಯಾ ಕಾನೂನು. ಸಹಿ ಹಾಕುವ ಹೊತ್ತಿಗೆ ಗೊತ್ತೇ ಇರದಿದ್ದ, ಗುಮಾನಿಯೂ ಇರದಿದ್ದ, ಗೊತ್ತಿದ್ದರೆ ಒಪ್ಪಂದವನ್ನೇ ಬದಲಿಸಬಹುದಾಗಿದ್ದ ದಾವೆಗೆ ಇಂಥ ಪತ್ರ ತಾಗುವುದಿಲ್ಲ ಎನ್ನುತ್ತದೆ ಅಲ್ಲಿನ ಸಿವಿಲ್ ಕೋಡಿನ 1542ನೇ ಕಲಂ. ಆ ರಕ್ಷಣೆಯನ್ನೂ ಬಿಡುತ್ತೇನೆ ಎಂದು ಈ ಕರಡಿನಲ್ಲಿ ಬೇರೆ ಸಾಲು ಹಾಕಿ ಬರೆಸಿಕೊಂಡಿದ್ದಾರೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಏನಿದ್ದರೂ 1872ರ ಕರಾರು ಕಾಯ್ದೆಯೇ ಗತಿ. ತಾನು ಏನನ್ನು ಕೈಬಿಡುತ್ತಿದ್ದೇನೆ ಎಂಬುದು ಆ ಮನುಷ್ಯನಿಗೆ ತಲೆಬರಹ ನೋಡಿದ ಕೂಡಲೇ ತಿಳಿಯಬೇಕು.

ಹಾಗಾಗಿ ಸದ್ಯಕ್ಕೆ 'ಕಂಪನಿಯ ಮೇಲಿನ ದಾವೆಹಕ್ಕು ಬಿಟ್ಟುಕೊಟ್ಟ ಪತ್ರ' ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರು ಯಾರಿಗೆ ಏನು ಬಿಟ್ಟರು ಎಂಬುದರಲ್ಲಿ ಗೊಂದಲವಿಲ್ಲ. ಯಜಮಾನರಿಗೆ ಫೋನಿನಲ್ಲಿ ಓದಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ವಕೀಲರನ್ನ ಇನ್ನೊಂದ್ಸಲ ಕೇಳ್ತೀನಿ' ಅಂದರು.

ಒಂದು ಉಳಿದಿದೆ. 'ಗೊತ್ತಿರುವ ಮತ್ತು ಗೊತ್ತಿಲ್ಲದ ದಾವೆಗಳು' ಎಂಬುದು ನಾಲಗೆಗೆ ತೊಡರುತ್ತದೆ. 'ತಿಳಿದ ತಿಳಿಯದ' ಅಂದರೆ ದೇವರಲ್ಲಿ ತಪ್ಪೊಪ್ಪಿಕೊಂಡ ಹಾಗಿದೆ. ಹಳೆಯ ಕ್ರಯಪತ್ರ, ಪಾಲುಪಟ್ಟಿಗಳಲ್ಲಿ ಇದಕ್ಕೆ ಹೊಂದುವ ಜೋಡಿ ಮಾತು ಕಂಡವರಿದ್ದರೆ ದಯವಿಟ್ಟು ಬರೆಯಿರಿ. ಸಹಿ ನಾಳೆ 11 ಗಂಟೆಗೆ.